ನದಿ ಬಲಕ್ಕಿರಬೇಕಿತ್ತು

೧೪ ಮಾರ್ಚ್, ಗುರುವಾರ ಬೆಳಿಗ್ಗೆ

ನನ್ನ ಮುದ್ದು ಪುಟ್ಟಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೇಳುವವಳು ನಾನಾದರೂ ಬರೆಯುವವರು ನಿನ್ನಪ್ಪ. ಕತ್ತರಿ ಹಿಡಿದಷ್ಟು ಸಲೀಸಾಗಿ ಅವರಿಗೆ ಪೆನ್ನು ಹಿಡಿಯಲು ಬರುವುದಿಲ್ಲ.

ನೀನು ಕಾಗದದಲ್ಲಿ, ನಿನಗಾಗಿ ಕೋಣೆ ಖಾಲಿ ಮಾಡಿಸಿದ್ದೇನೆ, ಬರುವ ತಿಂಗಳು ಕಾರು ತಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೆ. ಅಪ್ಪ ಸಲೂನು ಬಿಟ್ಟು ಬರುವವರಲ್ಲ, ಅವರು ಅಲ್ಲೇ ಇರಲಿ, ಕಣ್ಣು ಹೋದವಳನ್ನು ನೋಡಿಕೊಳ್ಳುವುದು ಅವರ ಕೈಲಾಗದು ಎಂದೂ ಬರೆದಿದ್ದೆ. ನಾನು ಬರುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಉಳಿದದ್ದನ್ನು ನಿಧಾನವಾಗಿ ಓದು.

ನೀನು ಬೇಡವೆಂದ ನಡಿಗೆಗೆ ಮೊನ್ನೆ ಹೋಗಿದ್ದೆವು. ನನಗೆ ಕಣ್ಣಿದ್ದಾಗ ಶುರು ಮಾಡಿದ್ದು ಅದು. ನದಿ ಹುಟ್ಟುವಲ್ಲಿಂದ ಸಮುದ್ರದವರೆಗೆ, ಅಂಗಡಿಗೆ ರಜೆ ಸಿಕ್ಕಾಗಲೆಲ್ಲ ಒಂದೊಂದು ತುಂಡು. ಹೋದ ಸಲ ನಿಲ್ಲಿಸಿದ ಕಡೆ ಬಸ್ಸಿಳಿದು, ಅವರ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದೆ. ನದಿ ನಮ್ಮ ಬಲಕ್ಕಿತ್ತು. ಬಾತುಕೋಳಿ, ಕೆಂಪು ದೋಣಿ, ಬಟ್ಟೆ ಒಣಹಾಕುತ್ತಿದ್ದ ಹೆಂಗಸು, ಎಲ್ಲದರ ವರದಿ ಒಪ್ಪಿಸುತ್ತಿದ್ದರು. ಎದುರು ಬಂದವನ ಕ್ರಾಪನ್ನು ಯಾರೋ ಕೆಡಿಸಿ ಕಳಿಸಿದ್ದಾರೆ ಎಂದು ಮರುಗಿದ್ದೂ ಆಯಿತು.

ದೋಣಿ ರಿಪೇರಿ ಮಾಡುವವನೊಬ್ಬ ಎದುರಿಗೆ ನಿಂತು, ಮುಂದೆ ದಾರಿ ಕವಲಾಗುತ್ತದೆ, ಬಲಕ್ಕೆ ತಿರುಗಿ, ಎಡಕ್ಕೆ ಬರೀ ಕೆಸರು ಎಂದ. ನಿನ್ನಪ್ಪ ಎಡಕ್ಕೇ ತಿರುಗಿದರು. ಆಯುಷ್ಯವೆಲ್ಲ ಗಿರಾಕಿಗಳ ಎದುರು ನಿಂತು ಕ್ಷೌರ ಮಾಡಿದವರು. ಕೂತವನು ಬಲಗಡೆ ಎಂದರೆ ಅದು ಇವರ ಎಡಗಡೆ. ಮಾತಿನ ಭರದಲ್ಲಿ ದೋಣಿಯವನೂ ಇವರಿಗೆ ಗಿರಾಕಿಯೇ ಆಗಿಹೋದ.

ನದಿಯ ಸದ್ದು ಬೆನ್ನ ಹಿಂದೆ ಸರಿಯಿತು. ಹೇಳಿದೆ. ಇದು ಬಳಸುದಾರಿ, ಸುಮ್ಮನೆ ಬಾ ಎಂದು ಗದರಿದರು. (ಗದರಲಿಲ್ಲ, ಮೆಲ್ಲಗೇ ಹೇಳಿದ್ದು. ಅಪ್ಪ.) ಸ್ವಲ್ಪದರಲ್ಲೇ ನನ್ನ ಕಾಲು ಮೊಣಕಾಲಿನವರೆಗೆ ಹೂತು, ಬಿದ್ದೆ. ಹೌದು, ಬಿದ್ದೆ, ಮುಚ್ಚಿಡುವುದೇಕೆ? ಗಾಯವಾಗಲಿಲ್ಲ. ಒಂದು ಬೂಟು ಮಾತ್ರ ಕೆಸರಿನ ಪಾಲಾಯಿತು.

ನನ್ನನ್ನು ಎಬ್ಬಿಸಿ ಕೂರಿಸಿದವರು ತಾವೇ ಕುಸಿದು ಕೂತರು. ಕ್ಷೌರ ಮುಗಿದ ಗಿರಾಕಿಯ ಮುಖ ಒರೆಸುವಂತೆ ನನ್ನ ಮುಖದ ಕೆಸರು ಒರೆಸಿದರು.

"ಮಗಳು ಹೇಳಿದ್ದೇ ಸರಿ ಕಣೇ. ನನ್ ಕೈಲಾಗಲ್ಲ. ನೀನು ಹೋಗ್ಬಿಡು," ಅಂದರು.

ಬಿದ್ದಾಗ ಬಾರದ ಸಿಟ್ಟು ಆಗ ನೆತ್ತಿಗೇರಿತು. "ಎದ್ದೇಳಿ," ಅಂದೆ. "ದಾರಿ ತಪ್ಪಿದ್ದು ಕಣ್ಣಿರೋರು. ಈಗ ನೀವು ನನ್ನ ಮೊಣಕೈ ಹಿಡ್ಕೊಳ್ಳಿ."

ನದಿಯ ಸದ್ದು ಹಿಡಿದು ನಾನು ಮುಂದೆ, ಕಲ್ಲು ಬೇರು ನೋಡಿ ಹೇಳುತ್ತ ಅವರು ಹಿಂದೆ. ನನ್ನ ಒಂದು ಕಾಲಿಗೆ ನನ್ನ ಬೂಟು, ಇನ್ನೊಂದಕ್ಕೆ ಅವರದು. ಅವರು ಒಂದೇ ಬೂಟಿನಲ್ಲಿ ಕುಂಟುತ್ತ ಬಂದರು. ನದಿ ಮತ್ತೆ ನಮ್ಮ ಬಲಕ್ಕೆ ಸಿಕ್ಕಿತು. ಅಂದುಕೊಂಡ ತುಂಡನ್ನು ಪೂರ್ತಿ ನಡೆದೇ ಬಸ್ಸು ಹತ್ತಿದೆವು. ಕಂಡಕ್ಟರು ನಮ್ಮ ಅವತಾರ ನೋಡಿ ಸೀಟಿಗೆ ಪೇಪರು ಹಾಸಿದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆದ್ದರಿಂದ ಕಾರು ತರಬೇಡ. ತಂದರೆ ನಮ್ಮಿಬ್ಬರನ್ನೂ ಮುಂದಿನ ತುಂಡಿನ ಹತ್ತಿರ ಇಳಿಸಿ ಹೋಗು. ಇನ್ನೂ ಬೀಳುವುದಿದ್ದರೆ ನಿನ್ನಪ್ಪನ ಪಕ್ಕದಲ್ಲೇ ಬೀಳುತ್ತೇನೆ.

ನಿನ್ನ ಕೈಕಾಲು ಗಟ್ಟಿಯಿರಲಿ, ಮನೆತುಂಬ ನಗುವಿರಲಿ, ಮಾತು ಕೇಳದವರ ಮೇಲೂ ನಿನಗೆ ಪ್ರೀತಿಯಿರಲಿ.

ಇಂತಿ,
ನಿನ್ನ ಹಠಮಾರಿ ಅಮ್ಮ

ಇನ್ನೊಂದು ಮಾತು: ಅಪ್ಪ ಅಂಗಡಿ ತೆರೆಯಲು ಹೋದರು. ಇದನ್ನು ನಾನೇ ಬರೆಯುತ್ತಿದ್ದೇನೆ, ಸಾಲಿನ ಮೇಲೆ ಸಾಲು ಬಂದಿದ್ದರೆ ಬಿಡಿಸಿ ಓದಿಕೋ. ಹೋದ ಸಲ ನೀನು ಬಂದಾಗ ನಾನು ನಿನ್ನ ಎದುರೇ ಕೂತಿದ್ದೆ. "ಅಮ್ಮ ಊಟ ಮಾಡಿದ್ಲಾ?" ಎಂದು ನೀನು ಅಪ್ಪನನ್ನು ಕೇಳಿದೆ. ನನಗೆ ನಿದ್ದೆ ಬರುತ್ತದೆಯೇ ಎಂದೂ ಅವರನ್ನೇ ಕೇಳಿದೆ. ಹೊರಡುವಾಗಲೂ ಅವರಿಗೇ ಹೇಳಿ ಹೋದೆ. ಮೊನ್ನೆ ಕೆಸರಿನಲ್ಲಿ ಬಿದ್ದಾಗ ನಿನ್ನಪ್ಪ, ನೋವಾಯಿತಾ ಎಂದು ನನ್ನನ್ನೇ ಕೇಳಿದರು.