ತೊಳೆಯಬೇಡ ಎಂದಿದ್ದ ಸೀರೆ

ಚಿತ್ತವಾಡ್ಗಿ, ಹೊಸಪೇಟೆ
18-9-2009, ಮಹಾಲಯ ಅಮಾವಾಸ್ಯೆ

ಪೂಜಿತಾ ಅಕ್ಕನವರಿಗೆ ಸುಂಕಮ್ಮ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಕೆಟ್ಟದು. ಒತ್ತು, ದೀರ್ಘ ಅಲ್ಲಲ್ಲಿ ಬಿಟ್ಟುಹೋಗಿರುತ್ತವೆ, ತಿದ್ದಿಕೊಂಡು ಓದಿರಿ. ಐದನೇ ಕ್ಲಾಸು ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ನೀವು ಎದುರಿಗೆ ಇದ್ದಾಗ ನಾನು ಹೂಂ, ಉಹೂಂ ಬಿಟ್ಟು ಹೆಚ್ಚು ಮಾತಾಡಿದವಳಲ್ಲ. ಕಾಗದದಲ್ಲಾದರೆ ಯಾರೂ ನನ್ನನ್ನು ನೋಡುತ್ತಿರುವುದಿಲ್ಲ, ಅದಕ್ಕೆ ಇಷ್ಟು ಧೈರ್ಯ.

ನಿಮ್ಮ ಕಾಗದ ಸೋಮವಾರ ಬಂತು. ನಾನು ಕೇಳಿದ್ದು ನಿಮ್ಮ ಹತ್ತಿರ ಇಲ್ಲ ಎಂದು ಬರೆದಿದ್ದೀರಿ. ಅವ್ವ ಅದಿರು ಆರಿಸುವಾಗ ಉಡುತ್ತಿದ್ದ ಹಸಿರು ಸೀರೆಯನ್ನು ತೊಳೆಯದೆ, ಧೂಳು ಇದ್ದ ಹಾಗೇ ಕಳಿಸು, ದೆಹಲಿಯ ಪ್ರದರ್ಶನದಲ್ಲಿ ವಿಡಿಯೋದ ಪಕ್ಕ ತೂಗುಹಾಕುತ್ತೇನೆ ಎಂದೂ ಬರೆದಿದ್ದೀರಿ. ಎರಡನ್ನೂ ಮೂರು ಸಲ ಓದಿದೆ.

ಎರಡು ವರ್ಷದ ಹಿಂದೆ ನೀವು ಕ್ಯಾಮೆರಾ ಹಿಡಿದು ಸಂಡೂರು ರಸ್ತೆಯ ಅದಿರು ರಾಶಿಗೆ ಬಂದ ಮೊದಲ ದಿನ ನೆನಪಿದೆಯೇ? ಅವ್ವ ಎಣ್ಣೆ ಹಚ್ಚಿ ತಲೆ ಬಾಚಿ, ಮದುವೆಗಳಿಗೆ ಉಡುವ ಸೀರೆ ಉಟ್ಟು, ಕೈ ಕೆಳಗೆ ಬಿಟ್ಟು ಸ್ಟುಡಿಯೋದಲ್ಲಿ ನಿಂತ ಹಾಗೆ ನಿಂತಿದ್ದಳು. ನೀವು ನಕ್ಕು, ಹೀಗಲ್ಲಮ್ಮಾ, ದಿನಾ ಹೇಗಿರುತ್ತೀರೋ ಹಾಗೇ ಬನ್ನಿ ಎಂದು ಕ್ಯಾಮೆರಾ ಚೀಲದಲ್ಲಿಟ್ಟುಬಿಟ್ಟಿರಿ. ಮರುದಿನ ಅವ್ವ ಹಸಿರು ಸೀರೆಯಲ್ಲಿ ಬಂದಳು. ಕಣ್ಣುಗಳನ್ನಷ್ಟೇ ಬಿಟ್ಟು ಮುಖವನ್ನೆಲ್ಲ ಸೆರಗಿನಿಂದ ಬಿಗಿದುಕೊಂಡಿದ್ದಳು. ಯಾಕೆ ಎಂದು ನೀವು ನನ್ನನ್ನು ಕೇಳಿದಿರಿ. ಧೂಳಿಗೆ ಎಂದೆ. ನಿಮಗೆ ಅದು ಭಾಳ ಹಿಡಿಸಿತು.

ಕಡ್ಡಿರಾಂಪುರದ ಗೋಡೌನಿನಲ್ಲಿ ನೀವು ಆ ವಿಡಿಯೋ ತೋರಿಸಿದ್ದನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಹಗಲಲ್ಲೇ ಬಾಗಿಲು ಹಾಕಿ ಕತ್ತಲೆ ಮಾಡಿದ್ದಿರಿ. ನೆಲಕ್ಕೆಲ್ಲ ಕೆಂಪು ಅದಿರಿನ ಪುಡಿ, ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಒಂದು ಬಿಳಿ ಬಟ್ಟೆಯ ಮೇಲೆ ಅವ್ವನ ಕೈ ಕಲ್ಲು ಆರಿಸುತ್ತಿತ್ತು, ಎದುರಿನ ಬಟ್ಟೆಯ ಮೇಲೆ ಜೆಸಿಬಿಯ ಕೈ ಗುಡ್ಡ ಬಗೆಯುತ್ತಿತ್ತು. ನಡುವೆ ಧೂಳು ಮೆತ್ತಿದ ಬೇವಿನ ಎಲೆ, ಒಂದೇ ಒಂದು, ಅಲ್ಲಾಡುತ್ತಿತ್ತು. ಜರಡಿಯ ಸದ್ದನ್ನು ಮಳೆಯ ಹಾಗೆ ಕೇಳಿಸಿದ್ದಿರಿ. ಪಕ್ಕದ ಮನೆಯ ದುರ್ಗಕ್ಕ ನಮ್ಮ ಜೊತೆ ಬಂದಿದ್ದಳಲ್ಲ, ಅವಳು ಅವ್ವನನ್ನು ಹೆಸರು ಹಿಡಿದು ಕೆಣಕಿದಳು.

"ಏನ್ಬೇ ಉಚ್ಚಂಗಿ, ಹೀರೋಯಿನ್ ಆಗೀದಿ, ಮುಖಾನ ಇಲ್ಲಲ್ಲ?"

"ಮುಖ ತೋರ್ಸಿದ್ರ ಟಿಕೀಟ್ ಇಡ್ತಾರ. ನಿನ್ ಹಂತೇಕ ರೊಕ್ಕ ಎಲ್ಲೈತಿ?" ಎಂದಳು ಅವ್ವ.

ತಿರುಗಿ ಬರುವಾಗ ಆಟೋದಲ್ಲಿ, ಆ ಜೆಸಿಬಿಗಿಂತ ತನ್ನ ಕೈಯೇ ಜಲ್ದಿ ಆಡುತ್ತದೆ ಎಂದು ಎರಡು ಸಲ ಹೇಳಿದಳು. ಬಾಗಿಲಲ್ಲಿ ನೀವು ಕೊಟ್ಟ ಕಾರ್ಡನ್ನು ನಾನು ಓದಿ ಹೇಳಿದೆ. 'ಗಣಿ ಈ ತಾಯಿಯ ಮುಖವನ್ನು ಕಿತ್ತುಕೊಂಡಿದೆ' ಎಂದಿತ್ತು. ಅವ್ವ ಹೊರಗೆ ನೋಡಿದಳು.

ಈ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಕೆಮ್ಮು ಅವಳನ್ನು ಮುಗಿಸಿತು. ಆಮೇಲೆ ಗೊತ್ತಾಯಿತು, ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ. ಓಟಿನ ಕಾರ್ಡಿನಲ್ಲಿರುವುದು ಬರೀ ಕರಿ. ಅದನ್ನು ದೊಡ್ಡದು ಮಾಡಿದರೆ ಕರಿಯೇ ದೊಡ್ಡದಾಗುತ್ತದೆ ಎಂದು ಸ್ಟುಡಿಯೋದವನು ವಾಪಸು ಕೊಟ್ಟ. ಆಗ ನೆನಪಾಯಿತು. ಶೂಟಿಂಗಿನ ದಿನ ನೀವು ನಿಮ್ಮ ಬಾಟಲಿ ಕೊಟ್ಟಾಗ ಅವ್ವ ಸೆರಗು ಇಳಿಸಿ ನೀರು ಕುಡಿದು, ನಿಮ್ಮ ಕಡೆ ನೋಡಿ ನಕ್ಕಿದ್ದಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು, ನಾನು ನೋಡಿದ್ದೆ. ಆ ಒಂದು ಗುಟುಕು ನೀರಿನಷ್ಟು ಹೊತ್ತಿನ ಚಿತ್ರ ಕಳಿಸಿ ಎಂದು ಕೇಳಿದ್ದೆ.

ಅದು ಕೆಲಸಕ್ಕೆ ಹೊಂದಲಿಲ್ಲ, ಆ ಟೇಪಿನ ಮೇಲೆ ಬೇರೆ ಕಡೆ ಗುಡ್ಡ ಒಡೆಯುವುದನ್ನು ತೆಗೆದುಬಿಟ್ಟೆ ಎಂದಿದ್ದೀರಿ. ನೀವು ಬೇಕೆಂದು ಮಾಡಿದ್ದಲ್ಲ. ಆದರೆ ಅಕ್ಕಾ, ಅವ್ವನ ಗದ್ದದ ಹಚ್ಚೆಯ ಚುಕ್ಕೆ ಎಡಕ್ಕಿತ್ತೋ ನಡುವೆ ಇತ್ತೋ ನನಗೆ ಈಗಲೇ ತಿಳಿಯುತ್ತಿಲ್ಲ. ದುರ್ಗಕ್ಕ ಎಡಕ್ಕೆ ಅನ್ನುತ್ತಾಳೆ, ಅವಳ ಗಂಡ ನಡುವೆ ಅನ್ನುತ್ತಾನೆ. ಇನ್ನು ಕೇಳಲು ಯಾರೂ ಇಲ್ಲ.

ಸೀರೆಯ ಮಾತು. ಅವ್ವ ಕೊನೆಯ ದಿನ ಕೆಲಸದಿಂದ ಬಂದು ಗೂಟಕ್ಕೆ ಹಾಕಿದ್ದು ಹಾಗೇ ಇತ್ತು. ನಿನ್ನೆ ಅದನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನಿಮ್ಮ ವಿಳಾಸವನ್ನೂ ಬರೆದಿದ್ದೆ. ಇವತ್ತು ಹಿರಿಯರಿಗೆ ಎಡೆ ಇಡುವ ದಿನ. ಫೋಟೋ ಇಲ್ಲದವರಿಗೆ ನಾವು ತಂಬಿಗೆಗೆ ಅವರ ಸೀರೆ ಉಡಿಸಿ ಕೂರಿಸುತ್ತೇವೆ. ಮದುವೆಗಳಿಗೆ ಉಡುತ್ತಿದ್ದ ಸೀರೆ ಅವಳ ಜೊತೆಯೇ ಹೋಯಿತು. ಉಳಿದದ್ದು ಇದೊಂದೇ. ಮೈಲಿಗೆ ಬಟ್ಟೆ ಎಡೆಗೆ ಬರುವುದಿಲ್ಲ. ಆ ಕೊನೆಯ ದಿನ ಬಿಟ್ಟರೆ ಅವ್ವ ಬದುಕಿದ್ದಾಗಲೂ ಆ ಸೀರೆಯನ್ನು ಒಂದು ಸಂಜೆಯೂ ಒಗೆಯದೆ ಬಿಟ್ಟವಳಲ್ಲ.

ಇವತ್ತು ಬೆಳಿಗ್ಗೆ ದಾರ ಬಿಚ್ಚಿ ಸೀರೆ ತೊಳೆದೆ. ನಾಲ್ಕು ಬಕೆಟ್ ನೀರು ಕೆಂಪಗೆ ಬಂತು. ಐದನೆಯದು ತಿಳಿಯಾಯಿತು.

ಇಂತಿ ನಿಮ್ಮ
ಸುಂಕಮ್ಮ

ಇನ್ನೊಂದು ಮಾತು: ಧೂಳಿಗೆ ಎಂದು ನಾನು ಹೇಳಿದ್ದು ಸುಳ್ಳು. ಆ ತಿಂಗಳು ಎಮ್ಮಿಗನೂರಿನವರು ನನ್ನನ್ನು ನೋಡಲು ಬರುವವರಿದ್ದರು. ಅವ್ವ ಮನೆಯಲ್ಲೇ ಇರುತ್ತಾಳೆ, ಕೂಲಿಗೆ ಹೋಗುವುದಿಲ್ಲ ಎಂದು ಅವರಿಗೆ ಹೇಳಿಸಿದ್ದೆವು. ನಿಮ್ಮ ವಿಡಿಯೋ ಟಿವಿಯಲ್ಲಿ ಬರುತ್ತದೆ ಎಂದುಕೊಂಡು ಹಿಂದಿನ ಸಂಜೆ ನಾನೇ ಅವಳಿಗೆ ಅಂದೆ, "ಮುಖ ಮುಚ್ಕೋಬೇ ಯವ್ವಾ, ಅವ್ರು ನೋಡಿದ್ರ ನನ್ ಮದ್ವಿ ಆಗಂಗಿಲ್ಲ." ಅವಳು "ಆತು ಬಿಡವ್ವ" ಅಂದಳು, ಅಷ್ಟೇ. ಅವರು ಕೊನೆಗೂ ಬರಲಿಲ್ಲ. ದೆಹಲಿಯಲ್ಲಿ ಕಾರ್ಡು ಮತ್ತೆ ಅಚ್ಚು ಹಾಕಿಸುವುದಾದರೆ, ಗಣಿ ಎಂದಿರುವ ಕಡೆ ನನ್ನ ಹೆಸರು ಹಾಕಿಸಿರಿ.