ಹಿಂದಿನ ಮೆಟ್ಟಿಲನ್ನು ಮುಚ್ಚುವ ಮೊದಲು

ಹುಬ್ಬಳ್ಳಿ, ಏಳನೆಯ ಸುತ್ತು
ಇಸವಿ ೨೧೬೧, ಉರಿಮಾಸ, ಮೂವತ್ತೆರಡನೆಯ ದಿನ

ನೀಲಾಂಬಿಕಾ ಮುತ್ತಜ್ಜಿಗೆ ದಾನಮ್ಮನ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿಯಬೇಡ. ಉರಿಮಾಸವೆಂದರೆ ಮೇ ಮತ್ತು ಜೂನ್ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ಸೆಕೆ ಇಳಿಯುವವರೆಗೆ ಅದು ಮುಗಿಯುವುದಿಲ್ಲ. ನನ್ನ ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಸಂಘಗಳ ನಡಾವಳಿ ಪುಸ್ತಕ ಓದಿ, ಆದ್ದರಿಂದ ನಡುನಡುವೆ ಸಭೆಯ ವಾಸನೆ ಬರಬಹುದು. ನನಗೆ ಅರವತ್ತೊಂದು, ನಿನಗಿನ್ನೂ ನಲವತ್ತೇಳು, ಆದರೂ ನನ್ನ ಮುತ್ತಜ್ಜಿಗೆ ನೀನು ಅಜ್ಜಿ. ಮನೆಯ ಹಿರಿಯಳಿಗೆ ಯಾರು ಬಹುವಚನ ಹಚ್ಚುತ್ತಾರೆ? ನೀನು ಅಂತಲೇ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ. ನಿನ್ನ ಅಡುಗೆಮನೆಯಲ್ಲಿ ಬೆಂಕಿ ಇದೆ. ನಿನ್ನ ಜೋಳದ ರೊಟ್ಟಿ ಉರಿಯ ಮೇಲೆ ಉಬ್ಬುತ್ತದೆ. ನಾವು ಬಿಸಿಹಲಗೆಯ ಮೇಲೆ ಬೇಯಿಸುತ್ತೇವೆ, ಅದೊಂದು ಬೆಚ್ಚಗಿನ ಕಲ್ಲಿನ ಪಾಟಿ. ಅದರ ಮೇಲೆ ರೊಟ್ಟಿ ಸತ್ತಂತೆ ಬಿದ್ದಿರುತ್ತದೆ. ದೇವರ ಮುಂದೆ ಊದುಬತ್ತಿ ಹಚ್ಚುವಂತಿಲ್ಲ. ಕಿಟಕಿ ಇದೆ, ತೆರೆಯುವುದಿಲ್ಲ. ಗಾಳಿ ಗೋಡೆಯೊಳಗಿನ ಕೊಳವೆಯಿಂದ ಬರುತ್ತದೆ, ಕೆಳಗಿನ ಮನೆಯವರು ಸೀನಿದರೆ ನಮಗೆ ಗೊತ್ತಾಗುತ್ತದೆ. ಇಷ್ಟನ್ನೆಲ್ಲ ಹೇಗೋ ಸಹಿಸಿಕೊಂಡೇನು. ಸಹಿಸಲಾಗದ್ದು ನಿನ್ನ ಕಟ್ಟಡದ ಹಿಂದಿನ ಮೆಟ್ಟಿಲು.

ಆ ಮೆಟ್ಟಿಲ ಮೇಲೆ ನಿನ್ನ ಮಗಳು ತೆಗೆದ ಪುಟ್ಟ ವಿಡಿಯೊ ಚಿತ್ರವೊಂದು ನಮ್ಮ ಮನೆಯಲ್ಲಿ ಉಳಿದಿದೆ. ನೀನು ಮೂರನೆಯ ಮಹಡಿಯ ತಿರುವಿನಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದೀ. ಎದುರು ಮನೆಯಿಂದ ನಿನ್ನ ತಂಗಿ ಶಾಂತವ್ವ ಬಂದು, "ಏ ಅಕ್ಕಾ, ಆ ಕಡೆ ಸರಿ, ನನಗೂ ಕುಂದ್ರಾಕ ಜಾಗಾ ಬೇಕು" ಅನ್ನುತ್ತಾಳೆ. "ಇಷ್ಟ ಮೆಟ್ಟಲಾ ಅದಾವು, ನನ್ನ ತೊಡಿ ಮ್ಯಾಲನ ಕುಂದ್ರಬೇಕೇನ ನೀ?" ಅಂತ ನೀನು. ಅವಳು ನಕ್ಕು ನಿನ್ನನ್ನು ತಳ್ಳಿ ಕೂರುತ್ತಾಳೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ನೋಡಿದಷ್ಟು ಸಲವೂ ನಿನ್ನನ್ನು ಬೈದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ನಿಮ್ಮ ವಸತಿ ಸಂಘದ ಕಾರ್ಯದರ್ಶಿ. ಈ ಕಾಗದ ನಿನ್ನ ಕೈಸೇರುವುದು ದೀಪಾವಳಿ ಪಾಡ್ಯದ ದಿನ. ನಾಳೆ ನಿಮ್ಮ ಸಭೆ. ಅಧ್ಯಕ್ಷರ ಹೊಸ ಅಳಿಯ ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದಿದ್ದಾನೆ. ಹಬೆಗಾವಲು ಮಾರುವುದು ಅವನ ಉದ್ಯೋಗ. ಬೆಂಕಿ ಕಂಡಲ್ಲಿ ಚಾವಣಿಯಿಂದ ತೆಳು ನೀರಹಬೆ ಬಿಡುವ ಯಂತ್ರ ಅದು, ಯಂತ್ರದಲ್ಲಿ ತಪ್ಪೇನಿಲ್ಲ. ಸಭೆಯಲ್ಲಿ ಅವನು ಎದ್ದು ನಿಂತು ಹೇಳುತ್ತಾನೆ: "ಹೊಸಾ ಕಾಯ್ದೆ ಬಂದೈತ್ರಿ. ಇದನ್ನ ಹಾಕ್ಸಿದ್ರ ಹಿಂದಿನ ಮೆಟ್ಟಲಾ ಬೇಕಾಗಿಲ್ಲ ಅಂತ ಸರಕಾರನ ಹೇಳೈತಿ. ಮೆಟ್ಟಲಾ ಇದ್ದಲ್ಲಿ ಮನಿಗೊಂದು ಸಾಮಾನಿನ ಖೋಲಿ ಮಾಡ್ಕೋರಿ. ಹಾಕಸಲಿಲ್ಲಾಂದ್ರ ಬಿಲ್ಡಿಂಗಿಗೆ ಬೀಗ ಬೀಳ್ತೈತಿ."

ಅಂಥ ಕಾಯ್ದೆ ಇರಲಿಲ್ಲ. ನಿಮ್ಮ ಕಾಲದ ಕಾಯ್ದೆಗಳನ್ನೆಲ್ಲ ನಾನು ಜಾಲಾಡಿದ್ದೇನೆ, ಒಂದು ಸಾಲೂ ಇಲ್ಲ. ಯಾವ ಪುಸ್ತಕ, ಯಾವ ಪುಟ ಅಂತ ಒಬ್ಬರಾದರೂ ಕೇಳಿದ್ದರೆ ಅವನು ತೊದಲುತ್ತಿದ್ದ. ಯಾರೂ ಕೇಳಲಿಲ್ಲ. ಹಬ್ಬಕ್ಕೆ ಬಂದ ಅಳಿಯನಿಗೆ ಹೋಳಿಗೆ ಬಡಿಸುತ್ತಾರೆ, ಕಾಗದ ತೋರಿಸು ಅಂತ ಯಾರಾದರೂ ಅನ್ನುತ್ತಾರೆಯೇ! ಹಿತ್ತಾಳೆ ಹಂಡೆ ಎಲ್ಲಿಡುವುದೆಂಬ ಚಿಂತೆ ಬೇರೆ ಎಲ್ಲರಿಗೂ ಇತ್ತು. ನೀನು ಮುದ್ದಾದ ಅಕ್ಷರದಲ್ಲಿ ಬರೆದೆ: "ಕಾಯ್ದೆ ಇದೆಯೆಂದು ಅಳಿಯಂದಿರು ತಿಳಿಸಿದರು. ಸಭೆ ಒಪ್ಪಿತು."

ಆ ಪುಟದ ಪಡಿಯಚ್ಚನ್ನು ಅವನು ಮುಂದಿನ ಕಟ್ಟಡಕ್ಕೆ ಒಯ್ದ. ಅವರು ನಿಮ್ಮನ್ನು ನೋಡಿ ಒಪ್ಪಿದರು, ಅವರನ್ನು ನೋಡಿ ಮತ್ತೊಬ್ಬರು. ಮೂವತ್ತು ವರ್ಷದಲ್ಲಿ ಊರಿಗೆ ಊರೇ ಹಿಂದಿನ ಮೆಟ್ಟಿಲು ಮುಚ್ಚಿತ್ತು. ಎಲ್ಲರೂ ಹೀಗೆಯೇ ಕಟ್ಟುತ್ತಿದ್ದಾರಲ್ಲ ಎಂದು ಸರ್ಕಾರ ಕೊನೆಗೆ ಅದನ್ನೇ ನಿಜವಾದ ಕಾಯ್ದೆ ಮಾಡಿತು. ಆಮೇಲೆ ಜನ ಹೊಗೆಗೆ ಸಿಕ್ಕಿ ಸಾಯತೊಡಗಿದಾಗ ಒಲೆಯ ಉರಿಯನ್ನು ನಿಷೇಧಿಸಿದರು, ಮೆಟ್ಟಿಲನ್ನು ಮಾತ್ರ ಕೊಡಲಿಲ್ಲ. ಕಾಯ್ದೆಯ ಮೊದಲ ಪುಟದಲ್ಲಿ ನಿನ್ನ ಆ ಎರಡು ಸಾಲು ಇಂದಿಗೂ ಇವೆ, ಕೆಳಗೆ ನಿನ್ನ ಸಹಿಯೂ ಇದೆ.

ನನಗೂ ಒಬ್ಬ ತಂಗಿ ಇದ್ದಳು, ಇಂದುಮತಿ. ನಾನು ಹದಿನೆಂಟನೆಯ ಮಹಡಿ, ಅವಳು ಹತ್ತೊಂಬತ್ತು. ಮೂರು ವರ್ಷದ ಹಿಂದೆ, ನಾನು ಕೆಲಸಕ್ಕೆ ಹೋಗಿದ್ದಾಗ, ಗೋಡೆಯೊಳಗಿನ ತಂತಿ ಹೊತ್ತಿಕೊಂಡಿತು. ಹಬೆಗಾವಲು ಹೇಳಿದಂತೆಯೇ ಕೆಲಸ ಮಾಡಿತು, ಅವಳ ಮನೆಯ ಒಂದು ಪರದೆಯೂ ಸುಡಲಿಲ್ಲ. ಆದರೆ ಇದ್ದ ಒಂದೇ ಮೆಟ್ಟಿಲಲ್ಲಿ ಹೊಗೆ ತುಂಬಿತು. ಹಿಂದೆ ದಾರಿ ಇರಬಹುದೆಂದು ಅವಳು ಸಾಮಾನಿನ ಕೋಣೆಗೆ ಓಡಿದ್ದಾಳೆ. ಡಬ್ಬ, ಹಾಸಿಗೆ, ಹಳೆಯ ಪಾತ್ರೆ ಎಲ್ಲವನ್ನೂ ಎಳೆದು ಹಾಕಿದ್ದಾಳೆ, ಹಿಂದೆ ಬಾಗಿಲಿದ್ದೀತು ಅಂತ. ಗೋಡೆಯ ಹತ್ತಿರವೇ ಸಿಕ್ಕಳು.

ಹಿಂಬದಿ ಅಂಚೆ ಅಂತ ನಮ್ಮಲ್ಲೊಂದು ಸೌಕರ್ಯವಿದೆ. ಜೀವಮಾನದಲ್ಲಿ ಒಂದೇ ಒಂದು ಕಾಗದ ಕಳಿಸಬಹುದು, ಅದೂ ನೂರು ವರ್ಷಕ್ಕಿಂತ ಹಿಂದಿನವರಿಗೆ. ಇಲ್ಲದಿದ್ದರೆ ನಿನಗ್ಯಾಕೆ ಬರೆಯುತ್ತಿದ್ದೆ ನಾನು? ಇಂದುಗೆ ಬರೆಯುತ್ತಿದ್ದೆ, ಆ ದಿನ ಮನೆಯಲ್ಲಿರಬೇಡ ಕಣೇ ಅಂತ. ನಿನಗೆ ಸಿಗುತ್ತಿರುವುದು ಅವಳ ಕಾಗದ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ನಾಳೆ ಕೇಳು. ಅಳಿಯ ಮುಖ ಊದಿಸಿಕೊಳ್ಳಲಿ, ಅಧ್ಯಕ್ಷರು ಆರು ತಿಂಗಳು ಮಾತು ಬಿಡಲಿ, ನೆರೆಹೊರೆಯವರು ಬಾಯಿಬಡುಕಿ ಅಂತ ಹೆಸರಿಡಲಿ. ಕಾಯ್ದೆಯ ಪ್ರತಿ ಕಣ್ಣಿಗೆ ಕಾಣುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡ. ಆ ಒಂದು ಮುಜುಗರ ನೀನು ನುಂಗಿಕೊಂಡರೆ ನನ್ನ ಇಂದು ಆ ಮೆಟ್ಟಿಲಿಳಿದು ಬರುತ್ತಾಳೋ ಏನೋ, ನನಗೆ ತಿಳಿಯದು. ಅಂಚೆಯವರೂ ಮಾತು ಕೊಡುವುದಿಲ್ಲ.

ಇದನ್ನು ಓದಿ ಮುಗಿಸುವ ಹೊತ್ತಿಗೆ ಶಾಂತವ್ವ ಎದುರು ಮನೆಯಲ್ಲೇ ಇರುತ್ತಾಳೆ. ಬಾಗಿಲಲ್ಲಿ ನಿಂತು ಒಂದು ಸಲ ಅವಳ ಹೆಸರು ಹಿಡಿದು ಕೂಗು. ಅವಳು ಓ ಅನ್ನುತ್ತಾಳೆ, ಮುತ್ತಜ್ಜಿ. ನಿನಗೆ ಓ ಅನ್ನುತ್ತಾಳೆ.

ದಾನಮ್ಮ