ನಾಲ್ಕನೇ ಹಾಡು

ಮನೆ,
ಭಾನುವಾರ, ಹದಿನಾಲ್ಕನೇ ತಾರೀಖು

ಅಣ್ಣಾ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಬೇಕೆಂದೇ ಬಿಟ್ಟೆ. ಗಂಟಲು ಹೇಗಿದೆ? ಆ ದಿನ ಎರಡನೇ ಹಾಡಿಗೇ ಸ್ವಲ್ಪ ಒಡೆದಂತೆ ಕೇಳಿಸಿತು. ಬಿಸಿನೀರು ಕುಡಿ, ತಣ್ಣನೆಯದನ್ನು ಸುರಿದುಕೊಳ್ಳಬೇಡ. ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ನಿನ್ನ ಕೊರಳೆಲುಬು ನೋಡಿದರೇ ಗೊತ್ತಾಗುತ್ತದೆ. ಇಷ್ಟು ಕೇಳುವುದು ನನ್ನ ಕರ್ತವ್ಯ, ಕೇಳಿದ್ದಾಯಿತು. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ. ಫೋನ್ ಮಾಡಿದರೆ ಎತ್ತುವುದು ನಿಮ್ಮ ಮ್ಯಾನೇಜರ್, ಮೆಸೇಜ್ ಕಳಿಸಿದರೆ ಓದುವುದೂ ಅವನೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನೂ ಅವನೇ ಒಡೆದು ಓದುತ್ತಿದ್ದರೆ, ಸ್ವಾಮೀ, ಇಲ್ಲಿಗೆ ನಿಲ್ಲಿಸಿ ನಮ್ಮಣ್ಣನ ಕೈಗೆ ಕೊಡಿ.

ನೀನು ಊರಿಗೆ ಬರುತ್ತೀಯ ಎಂದು ನಮಗೆ ತಿಳಿಸಿದ್ದು ಒಂದು ಗೋಡೆ. ನಮ್ಮ ಹಲ್ಲಿನ ಲ್ಯಾಬಿನ ಎದುರು ಬಸ್ ಸ್ಟಾಪಿದೆಯಲ್ಲ, ಅದರ ಹಿಂದಿನ ಗೋಡೆ. ದಿನವಿಡೀ ಮೇಣದಲ್ಲಿ ಯಾರದೋ ಕಟ್ಟುಹಲ್ಲು ಕೆತ್ತಿ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದರೆ, ಅಲ್ಲಿ ನನ್ನ ಸ್ವಂತ ಅಣ್ಣ, ಆಳೆತ್ತರದ ಪೋಸ್ಟರಿನಲ್ಲಿ, ಬಾಯಿ ತೆರೆದುಕೊಂಡು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಿನ್ನ ಹೊಟ್ಟೆಗೆ ಒರಗಿ ನಿಂತಿದ್ದರು. ನಾಲ್ಕು ವರ್ಷ ಆದ ಮೇಲೆ ಸ್ವಂತ ಊರಿನಲ್ಲಿ ಹಾಡುವುದಕ್ಕೆ ಬರುತ್ತೀಯ, ಮನೆಗೆ ಒಂದು ಮಾತು ಹೇಳಬಾರದೆ? ಆದರೂ ಆಗ ನನಗೆ ಸಿಟ್ಟು ಬರಲಿಲ್ಲ ಅಣ್ಣ. ಸಂತೋಷವೇ ಆಯಿತು. ಅಲ್ಲಿದ್ದ ಒಬ್ಬ ಹೆಂಗಸಿಗೆ, ‘ಇವ್ನು ನಮ್ಮಣ್ಣ’ ಅಂದೆ. ಆಕೆ ನನ್ನ ಮುಖ ನೋಡಿ ಸ್ವಲ್ಪ ಆಚೆ ಸರಿದು ನಿಂತಳು.

ರಜೆಯ ದಿನಗಳಲ್ಲಿ ನಾನು ಸಣ್ಣಪುಟ್ಟ ಬ್ಯಾಂಡುಗಳ ಫೋಟೋ ತೆಗೆಯುವುದು ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ಹತ್ತಿದ ಹುಚ್ಚು ಅದು. ಯಾರೂ ಕೊಡು ಎಂದು ಕೇಳುವುದಿಲ್ಲ, ನಾನೇ ತೆಗೆಯುತ್ತೇನೆ, ಅವರಿಗೆ ಕಳಿಸುತ್ತೇನೆ, ಅಷ್ಟೆ. ಹಾಗಾಗಿ ಸಭಾಂಗಣದವರಿಗೆ ನನ್ನ ಪರಿಚಯವಿತ್ತು. ಕೈಗೆ ಪಟ್ಟಿ ಕಟ್ಟಿ, ವೇದಿಕೆಯ ಮುಂದೆ ಬೇಲಿಯೊಳಗೆ ನಿಲ್ಲುವುದಕ್ಕೆ ಬಿಟ್ಟರು. ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಹಾಕುವಂತಿಲ್ಲ. ಎಲ್ಲ ಕಡೆ ಅದೇ ನಿಯಮ.

ಅಮ್ಮನಿಗೆ ಹೇಳಿದೆ. ‘ಅವ್ನು ಕರೆದ್ನಾ? ಕರೀದೇ ಇರೋ ಕಡೆ ನಾನ್ಯಾಕೆ ಹೋಗ್ಲಿ?’ ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ಮೊದಲೇ ಆರಿಸಿಟ್ಟ ಅಕ್ಕಿ ಅದು. ಅಪ್ಪ ಮಾತ್ರ ಬೆಳಗಿನಿಂದ ನನ್ನ ಸುತ್ತ ಸುಳಿಯುತ್ತಿದ್ದರು. ಕ್ಯಾಮೆರಾದ ಬ್ಯಾಟರಿ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ಕೊನೆಗೆ, ‘ನಾನೂ ಬರ್ಲಾ?’ ಅಂದರು. ಇದೂ ನಿನಗೆ ಗೊತ್ತಿಲ್ಲ: ಅಪ್ಪನ ಕಿವಿ ಮಂದವಾಗಿದೆ. ಇಷ್ಟು ವರ್ಷ ಮರ ಕೊಯ್ಯುವ ಮಷೀನಿನ ಪಕ್ಕ ನಿಂತವರು, ಅದು ಸುಮ್ಮನೆ ಬಿಡುತ್ತದೆಯೇ? ‘ಅಲ್ಲಿ ಬಂದು ನಿಮಗೇನು ಕೇಳಿಸುತ್ತೆ ಅಪ್ಪಾ?’ ಎಂದು ಕೂಗಿ ಕೇಳಿದೆ. ‘ಅಷ್ಟು ಜೋರಾಗಿ ಹಾಕಿರ್ತಾರಲ್ಲ, ಅಲ್ಲಾದ್ರೂ ಕೇಳಿಸುತ್ತೆ ಬಿಡು,’ ಅಂದರು. ನಕ್ಕೂ ನಕ್ಕೂ ನನಗೆ ಸಾಕಾಯಿತು. ಬಿಳಿ ಶರಟು ಇಸ್ತ್ರಿ ಮಾಡಿಸಿಕೊಂಡರು. ರಾಕ್ ಸಂಗೀತಕ್ಕೆ ಬಿಳಿ ಶರಟು! ಸುತ್ತ ಕಪ್ಪು ಟೀ ಶರಟಿನ ಹುಡುಗ ಹುಡುಗಿಯರು, ನಡುವೆ ಇವರೊಬ್ಬರು, ಮದುವೆ ಮನೆಗೆ ಬಂದವರ ಹಾಗೆ. ಪಕ್ಕದ ಬಾಗಿಲ ಹತ್ತಿರ, ಸ್ಪೀಕರಿನಿಂದ ಆದಷ್ಟು ದೂರ ನಿಲ್ಲಿಸಿ, ಅಲ್ಲಾಡಬೇಡಿ ಎಂದು ಹೇಳಿ ಬೇಲಿಯೊಳಗೆ ಹೋದೆ.

ಆ ಮೂರು ಹಾಡು ನಾನು ನಿನ್ನ ತಂಗಿ ಎಂಬುದನ್ನೇ ಮರೆತಿದ್ದೆ. ಸ್ಪೀಕರಿನ ಸದ್ದು ಎದೆಗೂಡಿಗೆ ಗುದ್ದುತ್ತಿತ್ತು, ಕಿವಿಗೆ ತುರುಕಿಕೊಂಡ ಬಿರಡೆಯನ್ನೂ ದಾಟಿಕೊಂಡು. ಕೆಂಪು ದೀಪ ಬಿದ್ದರೆ ಮುಖ ಟೊಮೇಟೊ ಹಣ್ಣಿನಂತಾಗುತ್ತದೆ, ಕಣ್ಣುಮೂಗು ಏನೂ ಉಳಿಯುವುದಿಲ್ಲ. ಬಿಳಿ ದೀಪ ಹಾಯುವ ಅರೆಕ್ಷಣಕ್ಕೆ ಉಸಿರು ಬಿಗಿಹಿಡಿದು ಕಾಯಬೇಕು. ಹಾಡುವವನನ್ನು ಎದುರಿನಿಂದ ತೆಗೆದರೆ ಬಾಯಿಯ ಜಾಗದಲ್ಲಿ ಮೈಕು ಬರುತ್ತದೆ, ಪಕ್ಕಕ್ಕೆ ಸರಿದು, ಅವನು ಉಸಿರು ಎಳೆಯಲು ಹಿಂದಕ್ಕೆ ಬಾಗುವಾಗ ಒತ್ತಬೇಕು. ನೀನು ಎಲ್ಲಿ ಉಸಿರು ಎಳೆಯುತ್ತೀಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಚ್ಚಲಿನಲ್ಲಿ ನೀನು ಹಾಡುವಾಗ ಬಾಗಿಲು ಬಡಿಯುತ್ತಿದ್ದವಳು ನಾನೇ ತಾನೆ. ಮೂರನೇ ಹಾಡಿನಲ್ಲಿ ನೀನು ಅಂಚಿನವರೆಗೆ ಬಂದು ಮಂಡಿಯೂರಿ ನನ್ನ ಲೆನ್ಸಿನೊಳಗೇ ನೋಡಿ ನಕ್ಕೆ. ಪಕ್ಕದಲ್ಲಿದ್ದ ಇನ್ನೊಬ್ಬ ಫೋಟೋಗ್ರಾಫರನನ್ನು ನೋಡಿಯೂ ಅದೇ ನಗು ನಕ್ಕೆ. ಕ್ಯಾಮೆರಾದ ಹಿಂದೆ ಯಾರಿದ್ದಾರೆಂದು ನಿನಗೆ ತಿಳಿಯಲಿಲ್ಲ. ಅದಕ್ಕೂ ನನಗೆ ಬೇಸರವಿಲ್ಲ. ನಮ್ಮಣ್ಣ ಎಷ್ಟು ಚೆನ್ನಾಗಿ ಹಾಡುತ್ತಾನೆ, ಎಷ್ಟು ಜನರನ್ನು ಕುಣಿಸುತ್ತಾನೆ ಎಂದು ಹೆಮ್ಮೆಯಿಂದ ನನ್ನ ಕಣ್ಣು ಮಂಜಾಗಿ, ಎಷ್ಟೋ ಫೋಟೋ ಕೆಟ್ಟುಹೋದವು.

ಮೂರು ಹಾಡು ಮುಗಿಯಿತು, ಕಾವಲಿನವನು ಬೆನ್ನು ತಟ್ಟಿ ಹೊರಗೆ ಕಳಿಸಿದ. ಅಪ್ಪನ ಪಕ್ಕ ಬಂದು ನಿಂತೆ. ದೀಪವೆಲ್ಲ ಆರಿಸಿ ನಿನ್ನೊಬ್ಬನ ಮೇಲೆ ಬೆಳಕು ಬಿಟ್ಟರು. ನೀನು ಮಾತಾಡಲು ಶುರುಮಾಡಿದೆ.

ನೀನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಓದಿಕೋ. ‘ಇದೇ ಊರಲ್ಲಿ ನನಗೊಂದು ಮನೆ ಇತ್ತು. ನಮ್ಮಪ್ಪ ನನ್ನ ಮೊದಲನೇ ಗಿಟಾರನ್ನ ಮಹಡಿ ಮೇಲಿಂದ ಎಸೆದು ಚೂರುಚೂರು ಮಾಡಿದ್ರು. ಅವತ್ತಿಂದ ನಂಗೆ ಮನೆ ಇಲ್ಲ, ಅಪ್ಪ ಇಲ್ಲ. ನೀವೇ ಇರೋದು.’ ಆಮೇಲೆ ಅದರ ಮೇಲೇ ಕಟ್ಟಿದ ಆ ನಾಲ್ಕನೇ ಹಾಡು. ಇಡೀ ಸಭಾಂಗಣ ‘ಥೂ’ ಎಂದಿತು ಅಣ್ಣ. ನಮ್ಮ ಮುಂದೆಯೇ ನಿಂತಿದ್ದ ಒಬ್ಬಳು, ಇನ್ನೂ ಹದಿನೆಂಟು ತುಂಬಿರಲಾರದು, ‘ಅಂಥಾ ಅಪ್ಪ ಸಾಯ್ಲಿ!’ ಎಂದು ಕೈಯೆತ್ತಿ ಕಿರುಚಿದಳು. ಸುತ್ತ ಇದ್ದವರೆಲ್ಲ ಕೈಯೆತ್ತಿ ಚಪ್ಪಾಳೆ ತಟ್ಟಿದರು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪನೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಮುಖದಲ್ಲಿ ಸಣ್ಣ ನಗು. ಮಗ ತನ್ನ ಮಾನ ಕಳೆಯುತ್ತಿರುವಾಗ ಅವನ ಮಾನ ಉಳಿಸಲಿಕ್ಕೆ ಒಬ್ಬ ಮನುಷ್ಯ ಹೀಗೂ ನುಂಗಿಕೊಳ್ಳಬಲ್ಲನೇ ಎಂದುಕೊಂಡೆ. ಏನು ಮಾಡಬೇಕೆಂದು ತೋಚದೆ ಕ್ಯಾಮೆರಾ ಕಣ್ಣಿಗೆ ಹಿಡಿದು, ಅಲ್ಲಿಂದಲೇ ನಿನ್ನ ಮುಖವನ್ನು ಹತ್ತಿರಕ್ಕೆಳೆದು ಒತ್ತಿದೆ. ಇಲ್ಲದಿದ್ದರೆ ಕಿರುಚಿಬಿಡುತ್ತಿದ್ದೆ.

ಗಿಟಾರನ್ನು ಯಾರು ಎಸೆದರು? ನೀನೇ ಅದನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲ ಕಟಕಟೆಯ ಮೇಲೆ ಜಾರುಬಂಡಿ ಆಡಲು ಹೋಗಿ ಬಿದ್ದೆ. ಗಿಟಾರಿನ ಕತ್ತೂ ಮುರಿಯಿತು, ನಿನ್ನ ಮುಂದಿನ ಹಲ್ಲೂ ಮುರಿಯಿತು. ಆ ಹಲ್ಲಿನ ಮೂಲೆ ಈಗಲೂ ಹಾಗೇ ಇದೆ, ನನ್ನ ಫೋಟೋಗಳಲ್ಲಿ ಸ್ಪಷ್ಟವಾಗಿ ಬಿದ್ದಿದೆ. ನೀನು ಹಲ್ಲಿಗೆ ಅಳಲಿಲ್ಲ, ಗಿಟಾರಿಗೆ ಅತ್ತೆ. ಅಪ್ಪ ಅದನ್ನು ತಮ್ಮ ಮರಗೆಲಸದ ಕಾರ್ಖಾನೆಗೆ ಒಯ್ದು ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು, ಅದು ಒಣಗುವವರೆಗೆ ಆ ಮೇಜಿನ ಮೇಲೆ ಬೇರೆ ಕೆಲಸ ಮಾಡಲಿಲ್ಲ. ಕಿಟಕಿ ಮಾಡಿಸಿಕೊಳ್ಳಲು ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಆಮೇಲೆ ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ, ಬಿರುಕು ಎಲ್ಲಿತ್ತು ಎಂದು ಕೈಯಾಡಿಸಿದರೂ ತಿಳಿಯದ ಹಾಗೆ ಮಾಡಿದರು. ನೀನು ಶಾಲೆಯ ವೇದಿಕೆಯಲ್ಲಿ ಮೊದಲು ನುಡಿಸಿದ್ದು ಆ ಗಿಟಾರನ್ನೇ.

ಅಪ್ಪ ದೇವರಂಥವರು ಎಂದು ನಾನು ಹೇಳುತ್ತಿಲ್ಲ. ನೀನು ಪರೀಕ್ಷೆ ಬಿಟ್ಟು ಬಂದ ದಿನ ಬಾಯಿಗೆ ಬಂದಂತೆ ಬೈದರು. ‘ನನ್ನ ಕಣ್ಮುಂದೆ ನಿಲ್ಬೇಡ’ ಅಂದರು. ಅದು ತಪ್ಪು, ನಾನೂ ಅಲ್ಲೇ ಇದ್ದೆ. ಅದನ್ನು ಹಾಡು! ಗಂಟಲು ಹರಿಯುವ ಹಾಗೆ ಹಾಡು, ನಾನೇ ಮುಂದೆ ನಿಂತು ಫೋಟೋ ತೆಗೆಯುತ್ತೇನೆ. ಆದರೆ ನಡೆದ ಜಗಳ ನಿನಗೆ ಸಾಲಲಿಲ್ಲ. ಬೈದ ಅಪ್ಪ ಎಲ್ಲರ ಮನೆಯಲ್ಲೂ ಇರುತ್ತಾರೆ, ಜನ ‘ಥೂ’ ಅನ್ನುವುದಿಲ್ಲ. ಅದಕ್ಕೆ ಗಿಟಾರು ಚೂರಾಗಬೇಕು, ಮಹಡಿ ಬೇರೆ ಬೇಕು! ನಮ್ಮ ಮನೆಗೆ ಮಹಡಿ ಎಲ್ಲಿಂದ ಬಂತೋ? ಮಹಡಿ ಇದ್ದದ್ದು ಮನೆಯ ಮಾಲೀಕರಿಗೆ, ನೀನು ಜಾರಿದ ಮೆಟ್ಟಿಲೂ ಅವರದೇ.

ಬಸ್ಸಿನಲ್ಲಿ ನಾನು ಏನು ಕೇಳಿದರೂ ಅಪ್ಪ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಆ ದಿನದಿಂದಲೂ ಹಾಗೆಯೇ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುತ್ತಾ ಏನೋ ಯೋಚನೆ. ನಡುವೆ ನನ್ನ ಮುಖ ನೋಡುತ್ತಾರೆ, ಏನೋ ಹೇಳಲು ಬಾಯಿ ತೆರೆಯುತ್ತಾರೆ, ಮತ್ತೆ ನೀರು ಕುಡಿಯುತ್ತಾರೆ. ಅಮ್ಮನಿಗೆ ನಾನು ಏನೂ ಹೇಳಿಲ್ಲ. ಹೇಳಿದರೆ ಆಕೆ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ, ವೇದಿಕೆಯನ್ನೇ ಹತ್ತುತ್ತಾರೆ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಮಾರನೆಯ ದಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ನಾಲ್ಕನೇ ಹಾಡಿನ ಒಂದು ಫೋಟೋ, ನಾನು ಇದುವರೆಗೆ ತೆಗೆದವುಗಳಲ್ಲೆಲ್ಲ ಒಳ್ಳೆಯದು. ಬೆಳಕು ಸರಿಯಾಗಿ ಅರ್ಧ ಮುಖಕ್ಕೆ ಬಿದ್ದಿದೆ, ಗಲ್ಲದ ಬೆವರಿನ ಹನಿ ಕೂಡ ಎಣಿಸಬಹುದು. ಕಣ್ಣು ಎಲ್ಲಿ ನೋಡುತ್ತಿದೆ ಎಂದು ದೊಡ್ಡದು ಮಾಡಿ ನೋಡಿದೆ. ಜನರ ಕಡೆಗಲ್ಲ, ಪಕ್ಕದ ಬಾಗಿಲಿಗೆ. ಆ ಬಾಗಿಲ ಮೇಲಿನ, ಎಂದೂ ಆರಿಸದ ‘ಎಕ್ಸಿಟ್’ ದೀಪ ಅಪ್ಪನ ಬಿಳಿ ಶರಟಿನ ಮೇಲೆ ಬೀಳುತ್ತಿತ್ತು. ಕ್ಯಾಮೆರಾದ ಹಿಂದಿದ್ದ ನಾನು ನಿನಗೆ ಕಾಣಲಿಲ್ಲ, ಆದರೆ ಅಪ್ಪ ಕಂಡರು. ಆ ಮುಖವನ್ನು ನಾನು ಬಲ್ಲೆ, ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮುಖ ಅದು. ಮುಂದಿನ ಫೋಟೋದಲ್ಲಿ ನೀನು ಕಣ್ಣು ಮುಚ್ಚಿದ್ದೀಯ, ಬಾಯಿ ತೆರೆದಿದೆ. ನೀನು ಅಪ್ಪನನ್ನು ನೋಡಿದೆ, ಕಣ್ಣು ಮುಚ್ಚಿಕೊಂಡೆ, ಹಾಡಿದೆ. ಸುಳ್ಳು ಹೇಳಿದ್ದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಎದುರಿಗೆ ಅಪ್ಪ ನಿಂತಿರುವುದು ಕಂಡ ಮೇಲೂ ಹಾಡಿದೆಯಲ್ಲ, ಆ ಧೈರ್ಯ ನಿನಗೆ ಎಲ್ಲಿಂದ ಬಂತು?

ನಾನು ಎಂದಿನಂತೆ ಮೊದಲ ಮೂರು ಹಾಡಿನ ಫೋಟೋ ಕಳಿಸಲು ಹೋಗಿ, ಆ ಫೋಟೋವನ್ನೂ ಜೊತೆಗೆ ಕಳಿಸಿಬಿಟ್ಟಿದ್ದೆ. ನಿಮ್ಮ ಮ್ಯಾನೇಜರಿಗೆ ಅದೊಂದೇ ಬೇಕಂತೆ. ಮುಂದಿನ ಊರುಗಳ ಪೋಸ್ಟರಿಗೆ, ಹೊಸ ಆಲ್ಬಮ್ಮಿನ ಮುಖಕ್ಕೆ, ಕೆಳಗೆ ನನ್ನ ಹೆಸರೂ ಹಾಕುತ್ತಾರಂತೆ. ‘ಕಣ್ಣಲ್ಲಿ ಏನು ನೋವು ಮೇಡಂ!’ ಎಂದು ಬರೆದಿದ್ದಾನೆ. ನನ್ನ ಫೋಟೋವನ್ನು ಯಾರಾದರೂ ಬೇಕು ಎಂದು ಕೇಳಿದ್ದು ಇದೇ ಮೊದಲು. ಕೊಡುವುದಿಲ್ಲ ಎಂದು ಬರೆದೆ. ಬರೆದು ಅತ್ತೆ, ಅದನ್ನೂ ತಿಳಿದುಕೋ. ನಾಳೆ ಆಲ್ಬಮ್ಮಿನ ಪೋಸ್ಟರು ಇಲ್ಲಿಗೂ ಬಂದರೆ, ಲ್ಯಾಬಿಗೆ ಹೋಗುವಾಗ ಗೋಡೆಯ ಮೇಲೆ ಆ ಮುಖ ನೋಡುವ ಶಕ್ತಿ ನನಗಿಲ್ಲ. ಒಂದು ಪ್ರತಿ ಇದರೊಳಗೆ ಇಟ್ಟಿದ್ದೇನೆ. ಅದು ನಿನಗೊಬ್ಬನಿಗೇ. ಕಣ್ಣು ಎಲ್ಲಿ ನೋಡುತ್ತಿದೆ ಎಂದು ನೀನೇ ನೋಡಿಕೋ.

ಇಷ್ಟೇ. ನೀನು ಕರೆಯದೇ ಹೋದದ್ದಕ್ಕೆ ಅಮ್ಮ ಏನಾದರೂ ಹೇಳಿದ್ದಾರೆಯೇ ಎಂದರೆ, ಹೇಳಿದ್ದಾರೆ, ಬರೆಯುವಂಥದ್ದಲ್ಲ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ತಿನ್ನು, ಚೆನ್ನಾಗಿ ನಿದ್ದೆ ಮಾಡು, ನಿನಗೆ ನಿದ್ದೆ ಬಂದರೆ.

ಇನ್ನೂ ನಿನ್ನ ತಂಗಿಯೇ ಆಗಿರುವ,
ನಾನು

ಇನ್ನೊಂದು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದು ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಅಪ್ಪ ನನ್ನ ಕೋಣೆಗೆ ಬಂದರು. ಇಷ್ಟು ದಿನ ಕೇಳಲು ನಾಚಿಕೆಯಾಗಿತ್ತಂತೆ. ‘ಅವತ್ತು ದೀಪ ಎಲ್ಲಾ ಆರಿಸಿದ್ರಲ್ಲ, ಆಗ ಅವ್ನು ನಮ್ಮಪ್ಪ ಅಂದ, ಅಲ್ವಾ? ಅದೊಂದೇ ಕೇಳಿಸಿದ್ದು. ಆಮೇಲೆ ಬರೀ ಗುಂಯ್ ಅಂತು. ಅಷ್ಟು ಜನರ ಮುಂದೆ ನನ್ನ ಮಾತೆತ್ತಿದ್ನಲ್ಲ, ಜನ ಎಷ್ಟು ಚಪ್ಪಾಳೆ ಹೊಡೆದ್ರು! ಏನಂದ ಅಂತ ದಪ್ಪ ಅಕ್ಷರದಲ್ಲಿ ಬರ್ಕೊಡು, ನಿಮ್ಮಮ್ಮನಿಗೂ ಓದಿ ಹೇಳ್ತೀನಿ,’ ಅಂದರು. ಅವರಿಗೆ ಏನೂ ಕೇಳಿಸಿಲ್ಲ ಅಣ್ಣ. ಕಾಗದ, ಪೆನ್ನು ಅವರೇ ತಂದಿಟ್ಟು, ಬಾಗಿಲಲ್ಲೇ ನಿಂತಿದ್ದಾರೆ. ನಿಜ ಬರೆಯಲು ನನ್ನ ಕೈ ಏಳುವುದಿಲ್ಲ, ಸುಳ್ಳು ಬರೆಯಲೂ ಏಳುವುದಿಲ್ಲ. ಅವನೇ ಬಂದು ಹೇಳುತ್ತಾನಂತೆ ಎಂದುಬಿಟ್ಟಿದ್ದೇನೆ. ಬಾ. ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಎಡಗಡೆ ಕೂತು ಹೇಳು, ಬಲಗಿವಿ ಪೂರ್ತಿ ಹೋಗಿದೆ.